ಹನ್ನೊಂದನೆಯ ಗುಂಡಿ

ಬೆಳಿಗ್ಗೆ ಎಂಟೂಕಾಲಿಗೆ ಸ್ಕೇಲಕ್ಕ ವ್ಯಾನಿನ ಸುತ್ತ ಮೂರನೆಯ ಸಲ ಸುತ್ತಿ ಬಂದಳು. ಅದರ ನೆತ್ತಿಯ ಮೇಲಿನ ಆಂಟೆನಾ ಕಂಬ ಇಳಿದಿತ್ತು. ಮೊದಲೆರಡು ಸಲ ನೋಡಿದಾಗಲೂ ಇಳಿದೇ ಇತ್ತು. ಈ ಸಲ ಅದರ ಕೊಂಡಿಯನ್ನು ಕೈಯಿಂದ ಜಗ್ಗಿ ನೋಡಿ, ಆಮೇಲೆ ಹತ್ತಿ ಸ್ಟೀರಿಂಗ್ ಮುಂದೆ ಕುಳಿತಳು. ಪಕ್ಕದ ಸೀಟಿನಲ್ಲಿ ಸೂಪರ್‌ವೈಸರ್ ಆಗಲೇ ಕುಳಿತಿದ್ದ. ಅವನ ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹದಿನಾಲ್ಕು ಕಾಲಂಗಳ ಒಂದು ನಮೂನೆ.

“ಅಕ್ಕಾ, ಇನ್ನೊಂದು ಸುತ್ತು ಹಾಕಿದ್ರೆ ವ್ಯಾನಿಗೇ ತಲೆ ತಿರುಗತ್ತೆ.”

“ಅದನ್ನೂ ಬರ್ಕೊಂಡ್ಯಾ?”

“‘ಕಂಬ ಪರೀಕ್ಷಿಸಿದರು’ ಅಂತ ಬರ್ಕೊಂಡೆ. ಎಷ್ಟು ಸಲ ಅಂತ ಕೇಳೋ ಕಾಲಂ ಇಲ್ಲ, ಬಚಾವಾದ್ರಿ.”

ಅವನು ಕೆಲಸ ಕಲಿತದ್ದು ಆಕೆಯ ಕೈಕೆಳಗೆ. ಕಚೇರಿಯಲ್ಲಿ ನಾಲ್ಕು ಜನರೆದುರು ಆಕೆ ಅವನನ್ನು ‘ಸರ್’ ಎನ್ನುತ್ತಾಳೆ. ವ್ಯಾನಿನ ಬಾಗಿಲು ಮುಚ್ಚಿದ ಮೇಲೆ ‘ನೀನು’. ಇವತ್ತು ಅವನು ಬಂದಿರುವುದು ಆಕೆಯನ್ನು ಪರೀಕ್ಷಿಸಲು. ಸಂಜೆಗೆ ಆ ನಮೂನೆ ಮೇಲಿನವರ ಮೇಜಿಗೆ ಹೋಗುತ್ತದೆ. ಅದನ್ನು ನೋಡಿ ಅವರು ಆಕೆಗೆ ವ್ಯಾನನ್ನು ಉಳಿಸುತ್ತಾರೆ, ಇಲ್ಲವೇ ಕಿತ್ತುಕೊಂಡು ದೂರು ಕೇಳುವ ಟೆಲಿಫೋನ್ ಮೇಜಿನಲ್ಲಿ ಕೂರಿಸುತ್ತಾರೆ. ಇದು ಇಬ್ಬರಿಗೂ ಗೊತ್ತಿದ್ದ ವಿಷಯ.

ಸ್ಕೇಲಕ್ಕನದು ಟೆಲಿವಿಷನ್ ಕೇಂದ್ರದ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ನೌಕರಿ. ಕೆಲಸ ಒಂದೇ, ಮನೆಮನೆಯ ಪರದೆಯಿಂದ ನೆರಳು ತೆಗೆಯುವುದು. ಪ್ರಸಾರ ಕೇಂದ್ರದಿಂದ ಹೊರಟ ಚಿತ್ರ ನೇರವಾಗಿ ಆಂಟೆನಾಕ್ಕೆ ಬಂದು ಬಿದ್ದರೆ ತೊಂದರೆಯಿಲ್ಲ. ಆದರೆ ಅದೇ ಚಿತ್ರ ಎಲ್ಲೋ ಒಂದು ದೊಡ್ಡ ಗೋಡೆಗೆ ಬಡಿದು, ಸುತ್ತಿ ಬಳಸಿ, ತುಸು ತಡವಾಗಿ ಇನ್ನೊಮ್ಮೆ ಬರುತ್ತದೆ. ತಡವಾಗಿ ಬಂದದ್ದು ಪರದೆಯ ಮೇಲೆ ಬಲಕ್ಕೆ ಸರಿದು ಬೀಳುತ್ತದೆ. ವಾರ್ತೆ ಓದುವವಳ ಪಕ್ಕದಲ್ಲಿ ಅವಳೇ ಮಸುಕಾಗಿ ಮತ್ತೊಮ್ಮೆ ಕುಳಿತಿರುತ್ತಾಳೆ. ಇದಕ್ಕೆ ವಿಭಾಗದವರು ‘ನೆರಳು’ ಎನ್ನುತ್ತಾರೆ. ಜನ ತಮಗೆ ತೋಚಿದ್ದನ್ನು ಎನ್ನುತ್ತಾರೆ.

ನೆರಳನ್ನು ಅಳೆಯಲು ಕಚೇರಿಯಲ್ಲಿ ಯಂತ್ರಗಳಿವೆ. ಸ್ಕೇಲಕ್ಕ ಉಪಯೋಗಿಸುವುದು ಒಂದಡಿ ಉದ್ದದ ಸ್ಟೀಲ್ ಸ್ಕೇಲು. ಅಸಲು ಚಿತ್ರಕ್ಕೂ ನೆರಳಿಗೂ ನಡುವೆ ಎಷ್ಟು ಮಿಲಿಮೀಟರ್ ಅಂತರವಿದೆ ಎಂದು ಗಾಜಿನ ಮೇಲೆಯೇ ಸ್ಕೇಲು ಇಟ್ಟು ನೋಡುತ್ತಾಳೆ. ಐವತ್ತೆರಡು ಸೆಂಟಿಮೀಟರ್ ಅಗಲದ ಪರದೆಯಾದರೆ ಲೆಕ್ಕ ಬಾಯಲ್ಲೇ ಮುಗಿಯುತ್ತದೆ: ಒಂದು ಮಿಲಿಮೀಟರ್ ಎಂದರೆ ಆ ಚಿತ್ರ ಮೂವತ್ತು ಮೀಟರ್ ಹೆಚ್ಚಿಗೆ ಓಡಾಡಿ ಬಂದಿದೆ ಎಂದರ್ಥ. ಅದನ್ನು ನಕ್ಷೆಯ ಮೇಲೆ ಹಿಡಿದರೆ ಯಾವ ಕಟ್ಟಡದ ಗೋಡೆ ಎಂಬುದು ತಿಳಿಯುತ್ತದೆ. ಯಂತ್ರ ಹಿಡಿದುಕೊಂಡು ಬಂದವರು ಅರ್ಧ ದಿನ ಒದ್ದಾಡಿ ಹೇಳುವುದನ್ನು ಆಕೆ ಹತ್ತು ನಿಮಿಷದಲ್ಲಿ ಹೇಳುತ್ತಿದ್ದಳು. ಹೆಸರು ಬಿದ್ದದ್ದು ಹಾಗೆ.

ಚಳಿಗಾಲ ಮುಗಿಯುವ ಹೊತ್ತಿಗೆ ಆಕೆಯ ತಂಗಿ ತೀರಿಕೊಂಡಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಒಟ್ಟಿಗೇ ಇದ್ದರು. ತಂಗಿಗೆ ನದಿಯಾಚೆಯ ಧಾನ್ಯದ ಉಗ್ರಾಣದಲ್ಲಿ ಲಾರಿ ತೂಗುವ ಕಟ್ಟೆಯ ಮೇಲೆ ಕೆಲಸ. ಕಾಯಿಲೆ ಎಂದು ಗೊತ್ತಾದ ಮೇಲೆ ಹನ್ನೊಂದು ವಾರ ಬದುಕಿದಳು. ಸ್ಕೇಲಕ್ಕ ಐದು ದಿನ ರಜೆ ಹಾಕಿ ಆರನೆಯ ದಿನ ಕೆಲಸಕ್ಕೆ ಬಂದಳು. ಕಣ್ಣೀರು ಹಾಕಲಿಲ್ಲ. ಚಿಕ್ಕಮ್ಮ ಬಂದವರು ಬೆನ್ನು ಸವರಿ, “ಒಂದ್ಸಲ ಅತ್ಬಿಡು ಮಗಳೇ, ಹಗುರ ಆಗತ್ತೆ” ಎಂದರು. ಆಕೆ ಅಂಗಡಿಯಿಂದ ಏನನ್ನೋ ತರಲು ಒಪ್ಪಿಕೊಂಡವಳಂತೆ “ಆಯ್ತು” ಎಂದಳು. ತಂಗಿಯ ಅಲಾರಂ ಗಡಿಯಾರ ಈಗಲೂ ಐದು ಹತ್ತಕ್ಕೆ ಬಡಿದುಕೊಳ್ಳುತ್ತದೆ. ಮೊದಲು ಆ ಸದ್ದಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಏನೂ ಆಗುವುದಿಲ್ಲ. ಅದು ತಾನಾಗಿ ನಿಲ್ಲುವವರೆಗೆ ಕಾದು, ಎದ್ದು, ಮುಖ ತೊಳೆಯುತ್ತಾಳೆ.

ಆರು ವಾರದ ಹಿಂದೆ ಆದದ್ದು ಇಷ್ಟು. ಒಂದು ಬೀದಿಯಲ್ಲಿ ಅಳತೆ ಮುಗಿಸಿದ ಆಕೆ ಒಂಬತ್ತು ಮೀಟರಿನ ಕಂಬವನ್ನು ಇಳಿಸದೆಯೇ ವ್ಯಾನು ಓಡಿಸಿಕೊಂಡು ಹೊರಟುಬಿಟ್ಟಳು. ಕಂಬ ಒಂದು ಬೇಕರಿಯ ಬೋರ್ಡನ್ನೂ ಇಡೀ ಬೀದಿಯ ಟೆಲಿಫೋನ್ ತಂತಿಯನ್ನೂ ಕಿತ್ತು ಎಳೆದುಕೊಂಡು ಬಂತು. ಯಾರಿಗೂ ಪೆಟ್ಟಾಗಲಿಲ್ಲ. ಬೇಕರಿಯವನು ಬಾಯಿಗೆ ಬಂದಂತೆ ಬೈದ. ಆಕೆ ನಿಂತು ಪೂರ್ತಿ ಕೇಳಿಸಿಕೊಂಡಳು. ತನಗೆ ನಾಚಿಕೆಯಾಗಬೇಕಿತ್ತು ಎಂಬುದು ಆಕೆಗೆ ಗೊತ್ತಿತ್ತು. ಆಗಲಿಲ್ಲ ಎಂಬುದೂ ಗೊತ್ತಾಯಿತು.

ಆಮೇಲೆ ಉಳಿದದ್ದು ವ್ಯಾನೊಂದೇ. ಮನೆಗೆ ಹೋದರೆ ಗೋಡೆ ನೋಡುತ್ತಾ ಕೂರುವುದು. ವ್ಯಾನಿನಲ್ಲಾದರೆ ಹನ್ನೆರಡು ಗಂಟೆಗೆ ಒಂದು ಬೀದಿ, ಮೂರು ಗಂಟೆಗೆ ಇನ್ನೊಂದು. ಹಾಗೆ ದಿನ ಕಳೆಯುತ್ತದೆ. ಟೆಲಿಫೋನ್ ಮೇಜಿನಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದು ಆಕೆಯ ಊಹೆಗೆ ನಿಲುಕುತ್ತಿರಲಿಲ್ಲ.

*

ಇವತ್ತಿನ ದೂರು ನದಿ ದಾಟಿದ ಮೇಲೆ ಸಿಗುವ ಎಂಟು ಮಹಡಿಯ ವಸತಿಕಟ್ಟಡದಿಂದ ಬಂದದ್ದು. ಇನ್ನೂರ ಹನ್ನೆರಡು ಮನೆ, ಎಲ್ಲಕ್ಕೂ ಮಾಳಿಗೆಯ ಮೇಲೆ ಒಂದೇ ಆಂಟೆನಾ. ದೂರು ಬರೆದವರು ಐದನೆಯ ಮಹಡಿಯ ನಿವೃತ್ತ ಟೀಚರ್. ಬಾಗಿಲು ತೆಗೆದವರೇ ಗಡಿಯಾರ ನೋಡಿದರು.

“ನಾಲ್ಕು ತಿಂಗಳಲ್ಲಿ ಏಳು ಕಾಗದ ಬರೆದಿದ್ದೀನಿ. ಮೊದಲನೇದಕ್ಕೇ ಬಂದಿದ್ರೆ ಒಂದು ಪೆನ್ನು ಉಳೀತಿತ್ತು.”

“ಫೋನಿನವರು ಏನಂದ್ರು ಮೇಡಂ?” ಸೂಪರ್‌ವೈಸರ್ ಕೇಳಿದ.

“ನಿಮ್ ಸೆಟ್ಟು ಹಳೇದು, ರಿಪೇರಿ ಮಾಡಿಸಿ ಅಂದ್ರು. ಪಕ್ಕದ ಮನೆಯವರಿಗೂ ಅದನ್ನೇ ಅಂದ್ರಂತೆ, ಅವರದ್ದು ಹೋದ ತಿಂಗಳು ತಗೊಂಡಿದ್ದು. ಬನ್ನಿ, ನೀವೇ ನೋಡಿ. ಈ ಹುಡುಗಿ ವಾರ್ತೆ ಓದೋಕೆ ಕೂತ್ಕೊಂಡ ಕೂಡ್ಲೇ ಪಕ್ಕದಲ್ಲಿ ಒಬ್ಬಳು ಮುದುಕಿ ಬಂದು ಕೂತ್ಕೋತಾಳೆ.”

ಅವರು ಹೇಳಿದ್ದು ಸರಿಯಾಗಿತ್ತು. ನೆರಳು ಉಲ್ಟಾ ಬೀಳುತ್ತಿತ್ತು. ಓದುವವಳ ಕಪ್ಪು ಕೂದಲಿನ ಬಲಕ್ಕೆ ಬಿಳಿ ಕೂದಲು, ಬಿಳಿ ಅಕ್ಷರದ ಬಲಕ್ಕೆ ಕಪ್ಪು ಅಕ್ಷರ. ಕೆಲವೊಮ್ಮೆ ಹೀಗೂ ಆಗುವುದುಂಟು. ಸ್ಕೇಲಕ್ಕ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಮೊಣಕಾಲೂರಿ ಕುಳಿತು ಪರದೆಯ ಅಗಲ ಅಳೆದಳು, ಐವತ್ತೆರಡು. ಓದುವವಳ ಭುಜದ ಅಂಚಿನಿಂದ ನೆರಳಿನ ಅಂಚಿಗೆ ಸ್ಕೇಲು ಇಟ್ಟಳು. ಮೂವತ್ತೇಳು ಮಿಲಿಮೀಟರ್. ಎಂದರೆ ಸಾವಿರದ ನೂರಹತ್ತು ಮೀಟರ್. ಕಟ್ಟಡವನ್ನು ದಾಟಿ ಹಿಂದೆ ಹೋಗಿ ಬಡಿದು ವಾಪಸು ಬಂದದ್ದಾದರೆ ಅದರ ಅರ್ಧ, ಐನೂರ ಐವತ್ತೈದು. ನೆಲದ ಮೇಲೆ ನಕ್ಷೆ ಬಿಡಿಸಿ, ಪ್ರಸಾರ ಕೇಂದ್ರದಿಂದ ಈ ಕಟ್ಟಡಕ್ಕೆ ಗೆರೆ ಎಳೆದು, ಗೆರೆಯನ್ನು ಹಾಗೇ ಮುಂದುವರಿಸಿ, ಬೆರಳಿಟ್ಟಳು.

“ಧಾನ್ಯದ ಉಗ್ರಾಣ” ಎಂದಳು. “ಅದರ ತಗಡಿನ ಗೋಡೆ.”

ಸೂಪರ್‌ವೈಸರನ ಪೆನ್ನು ನಿಂತಿತು. ಟೀಚರ್ ಒಮ್ಮೆ ಆಕೆಯನ್ನೂ ಒಮ್ಮೆ ಅವನನ್ನೂ ನೋಡಿದರು.

“ಅಕ್ಕಾ,” ಎಂದ ಅವನು, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ, “ಅದನ್ನ ಬೀಳ್ಸಿ ನಾಲ್ಕು ತಿಂಗಳಾಯ್ತು.”

ಹೌದು, ಬೀಳಿಸಿದ್ದರು. ಧಾನ್ಯ ತುಂಬಿಡುವ, ಹನ್ನೆರಡು ಮಹಡಿಯಷ್ಟೆತ್ತರದ ಆರು ತಗಡಿನ ಕೊಳವೆಗಳು ಒಂದು ಭಾನುವಾರ ಬೆಳಿಗ್ಗೆ ಒಂದರ ಹಿಂದೊಂದು ಕುಸಿದದ್ದನ್ನು ಅರ್ಧ ಊರೇ ನಿಂತು ನೋಡಿತ್ತು. ಸ್ಕೇಲಕ್ಕನೂ ಕಚೇರಿಯ ಮಾಳಿಗೆಯ ಮೇಲೆ ಎಲ್ಲರ ಜೊತೆ ನಿಂತು, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ನೋಡಿದ್ದಳು. ಆದರೆ ನಕ್ಷೆಯ ಮೇಲೆ ಬೆರಳಿಟ್ಟ ಆ ಗಳಿಗೆಯಲ್ಲಿ ಅದು ಆಕೆಯ ತಲೆಯಲ್ಲಿ ನಿಂತೇ ಇತ್ತು. ಆರು ಕೊಳವೆ, ಕೆಳಗೆ ತೂಕದ ಕಟ್ಟೆ, ಕಟ್ಟೆಯ ಪಕ್ಕದ ಗಾಜಿನ ಗೂಡು. ಬಿದ್ದದ್ದು ನೆನಪಿಗೇ ಬಂದಿರಲಿಲ್ಲ.

“ಗೊತ್ತು” ಎಂದಳು.

“ಗೊತ್ತಿದ್ದೂ ಅದನ್ನೇ ಹೇಳ್ತಿದೀರಾ?”

“ಸ್ಕೇಲು ಹೇಳ್ತಿದೆ. ಬೇಕಾದ್ರೆ ನೀನೂ ಇಟ್ಟು ನೋಡು.”

ಟೀಚರ್ ಎದುರಿಗೇ ‘ನೀನು’ ಎಂದುಬಿಟ್ಟಿದ್ದಳು. ಅವನು ಅದನ್ನು ಕಿವಿ ಮೇಲೆ ಹಾಕಿಕೊಳ್ಳದೆ ಸ್ಕೇಲು ಇಸಿದುಕೊಂಡು ಅಳೆದ. ಮೂವತ್ತೇಳು. ಬೇರೆ ಚಾನೆಲ್ ಹಾಕಿ ಅಳೆದ. ಮೂವತ್ತೇಳೇ. ಬಾಲ್ಕನಿಗೆ ಹೋಗಿ ಉಗ್ರಾಣವಿದ್ದ ಕಡೆ ನೋಡಿದ. ಸಮತಟ್ಟಾದ ಬಯಲು, ಅದರ ತುದಿಯಲ್ಲಿ ಎರಡು ಲಾರಿ, ಮೇಲೆ ಆಕಾಶ.

“ಬೇಕಾದ್ರೆ ಹೇಳಿ, ನಾನೂ ಬಂದು ನೋಡ್ತೀನಿ” ಎಂದರು ಟೀಚರ್. “ದೊಡ್ಡ ಕಟ್ಟಡ ಕಾಣದೇ ಇರೋ ಅಷ್ಟು ನನ್ ಕಣ್ಣು ಇನ್ನೂ ಕೆಟ್ಟಿಲ್ಲ.”

*

ಇಬ್ಬರೂ ಕೆಳಗಿಳಿದು ವ್ಯಾನಿನ ಕಂಬ ಏರಿಸಿದರು. ಒಂಬತ್ತು ಮೀಟರ್ ಎತ್ತರದಲ್ಲಿ ಆಂಟೆನಾವನ್ನು ತಿರುಗಿಸಿ ವ್ಯಾನಿನೊಳಗಿನ ಪರದೆ ನೋಡಿದರು. ಚಿತ್ರ ತೊಳೆದಿಟ್ಟ ಗಾಜಿನಂತಿತ್ತು. ನೆರಳಿನ ಸುಳಿವೂ ಇಲ್ಲ. ಆಂಟೆನಾವನ್ನು ಬಯಲಿನ ಕಡೆಗೆ ಪೂರ್ತಿ ತಿರುಗಿಸಿದರೂ ಅಲ್ಲಿಂದ ಏನೂ ಬರುತ್ತಿರಲಿಲ್ಲ.

“ಗಾಳಿಯಲ್ಲಿಲ್ಲ. ಅಂದ್ಮೇಲೆ ಕಟ್ಟಡದೊಳಗೇ ಹುಟ್ಟಿರೋದು” ಎಂದ ಸೂಪರ್‌ವೈಸರ್. “ಮಾಳಿಗೆ ಮೇಲಿನ ನಿಮ್ಮ ಪೆಟ್ಟಿಗೆ ಕೆಟ್ಟಿದೆ. ಹದಿನಾಲ್ಕು ವರ್ಷ ಬಾಳಿಕೆ ಬಂತಲ್ಲ, ಸಾಕು. ಹೊಸದಕ್ಕೆ ಬರೀತೀನಿ.”

ಆಂಟೆನಾವನ್ನು ಎಷ್ಟು ತಿರುಗಿಸಿದರೂ ನೆರಳು ಹೋಗದ ಕಡೆ ವಿಭಾಗದವರು ಅದನ್ನು ಅಳಿಸುವ ಒಂದು ಪೆಟ್ಟಿಗೆ ಕೂರಿಸುತ್ತಿದ್ದರು. ಈ ಕಟ್ಟಡಕ್ಕೆ ಅದನ್ನು ಕೂರಿಸಿದವಳು ಸ್ಕೇಲಕ್ಕನೇ.

ಅವನು ಅಲ್ಲೇ ನಿಂತು ನಮೂನೆ ತುಂಬತೊಡಗಿದ. ಅಳತೆ, ನಕ್ಷೆ, ಚಾಲನೆ, ಸುರಕ್ಷತೆ. ‘ಗಮನ’ ಎಂಬ ಕಾಲಂ ಬಂದಾಗ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

“ಟೆಲಿಫೋನ್ ಮೇಜು ಅಷ್ಟೇನೂ ಕೆಟ್ಟದ್ದಲ್ಲ ಅಕ್ಕಾ. ಕಿಟಕಿ ಪಕ್ಕ. ಕುರ್ಚಿಗೆ ಚಕ್ರ ಬೇರೆ ಇದೆ.”

“ಪೆಟ್ಟಿಗೆ ನೋಡಿ ಬರ್ತೀನಿ.”

“ಕೆಟ್ಟ ಪೆಟ್ಟಿಗೇಲಿ ನೋಡೋದೇನಿದೆ?”

“ಕೆಟ್ಟಿದ್ರೆ ನೆರಳು ಎಲ್ಲೋ ಒಂದ್ಕಡೆ ಬೀಳ್ಬೇಕಿತ್ತು. ಹತ್ತು ಮಿಲಿಮೀಟರಿಗೋ ಎಂಬತ್ತಕ್ಕೋ. ಸರಿಯಾಗಿ ಉಗ್ರಾಣದ ಅಳತೆಗೇ ಯಾಕೆ ಬೀಳತ್ತೆ?”

ಆಕೆ ಮೊದಲು ಕಂಬ ಇಳಿಸಿ ಕೊಂಡಿ ಹಾಕಿದಳು. ಆಮೇಲೆ ವಾಚ್‌ಮನ್‌ನಿಂದ ಮಾಳಿಗೆಯ ಬೀಗದ ಕೈ ಪಡೆದು ಎಂಟು ಮಹಡಿ ಹತ್ತಿದಳು. ಲಿಫ್ಟ್ ಇತ್ತು, ಅದು ನೆನಪಾಗುವ ಹೊತ್ತಿಗೆ ಆರನೆಯ ಮಹಡಿ ದಾಟಿದ್ದಳು.

ಪೆಟ್ಟಿಗೆ ನೀರಿನ ಟ್ಯಾಂಕಿನ ಪಕ್ಕದ ಗೂಡಿನಲ್ಲಿತ್ತು. ಒಳಗೆ ಮೂವತ್ತೆರಡು ಗುಂಡಿಗಳು, ಎಂಟೆಂಟರ ನಾಲ್ಕು ಸಾಲು. ಒಂದೊಂದು ಗುಂಡಿಯೂ ಅದರ ಹಿಂದಿನದಕ್ಕಿಂತ ನೂರು ಮೀಟರ್ ಹೆಚ್ಚು ಸುತ್ತಿ ಬರುವ ನೆರಳಿಗೆ ಮೀಸಲು. ಮುಚ್ಚಳದ ಒಳಬದಿಯಲ್ಲಿ ಹದಿನಾಲ್ಕು ವರ್ಷದ ಹಿಂದೆ ಆಕೆಯೇ ಬರೆದು ಅಂಟಿಸಿದ ಚೀಟಿ. ಇಪ್ಪತ್ತೊಂಬತ್ತು ಗುಂಡಿಗಳ ಎದುರು ಸೊನ್ನೆ. ಎರಡರ ಎದುರು ಸಣ್ಣಪುಟ್ಟ ಅಂಕಿ. ಹನ್ನೊಂದನೆಯದರ ಎದುರು ಮಾತ್ರ ಅರವತ್ನಾಲ್ಕು, ಪಕ್ಕದಲ್ಲಿ ‘ಉಗ್ರಾಣ’.

ಸಾವಿರದ ನೂರಹತ್ತು ಮೀಟರ್. ಹನ್ನೊಂದನೆಯ ಗುಂಡಿ.

ಪೆಟ್ಟಿಗೆ ಕೆಟ್ಟಿರಲಿಲ್ಲ. ಅದು ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡುತ್ತಿತ್ತು. ಉಗ್ರಾಣದಿಂದ ನೆರಳು ಬರುತ್ತದೆ, ನೀನು ಅಷ್ಟೇ ದೂರದಲ್ಲಿ ಅಷ್ಟೇ ಗಾತ್ರದ ಉಲ್ಟಾ ನೆರಳು ಮಾಡಿ ಅದರ ಮೇಲೆ ಕೂರಿಸು, ಎರಡೂ ಸೇರಿ ಏನೂ ಕಾಣದಂತಾಗಲಿ ಎಂದು ಆಕೆ ಅದಕ್ಕೆ ಹದಿನಾಲ್ಕು ವರ್ಷದ ಹಿಂದೆ ಹೇಳಿಕೊಟ್ಟಿದ್ದಳು. ಈಗ ಉಗ್ರಾಣವಿಲ್ಲ, ಅದರ ನೆರಳು ಬರುವುದಿಲ್ಲ. ಪೆಟ್ಟಿಗೆಗೆ ಅದನ್ನು ಯಾರೂ ತಿಳಿಸಿಲ್ಲ. ಅದು ಹಗಲೂ ರಾತ್ರಿ ಉಲ್ಟಾ ನೆರಳು ಮಾಡಿ ಇನ್ನೂರ ಹನ್ನೆರಡು ಮನೆಗೆ ಕಳಿಸುತ್ತಲೇ ಇತ್ತು.

ಆಕೆ ಗೂಡಿನ ಮುಂದೆ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತಳು. ಸಂತೋಷವಾಗಬೇಕಿತ್ತು. ಮೊದಲಾಗಿದ್ದರೆ ಇಂಥದ್ದೊಂದು ಸಿಕ್ಕ ದಿನ ಮನೆಗೆ ಹೋಗುವ ದಾರಿಯಲ್ಲೇ ತಂಗಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸಿಕೊಳ್ಳುತ್ತಿದ್ದಳು. ತಂಗಿ ಅರ್ಧ ಕೇಳಿ, “ಸಾಕು ಮಾರಾಯ್ತಿ, ನಿನ್ನ ಗೋಡೆ ಪುರಾಣ” ಎನ್ನುತ್ತಿದ್ದಳು. ಆಕೆ ಎದ್ದು ಮೆಟ್ಟಿಲ ಬಳಿ ಹೋಗಿ ಕೂಗಿದಳು.

ಏರ್ಪಾಡು ಹೀಗಾಯಿತು. ಸೂಪರ್‌ವೈಸರ್ ಟೀಚರ್ ಮನೆಯಲ್ಲಿ ಪರದೆಯ ಮುಂದೆ, ವಾಚ್‌ಮನ್ ಮೆಟ್ಟಿಲ ಮೇಲೆ ಏಳನೆಯ ಮಹಡಿಯಲ್ಲಿ, ಸ್ಕೇಲಕ್ಕ ಪೆಟ್ಟಿಗೆಯ ಹತ್ತಿರ. ಕೆಳಗಿನವರು ಹೇಳಿದ್ದನ್ನು ವಾಚ್‌ಮನ್ ಮೇಲಕ್ಕೆ ಕೂಗಬೇಕು. ಅವನ ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು.

ಗುಂಡಿ ತುಕ್ಕು ಹಿಡಿದು ಬಿಗಿಯಾಗಿತ್ತು. ಇಕ್ಕಳ ಹಾಕಿ ಅರವತ್ನಾಲ್ಕರಿಂದ ನಲವತ್ತಕ್ಕೆ ತಂದಳು. ಕೆಳಗೆ ಏನೋ ಉದ್ದದ ಮಾತು ಕೇಳಿಸಿತು.

“ಹೋಯ್ತಂತೆ ಅಮ್ಮಾ!” ವಾಚ್‌ಮನ್ ಕೂಗಿದ.

“ಹೋಯ್ತಾ, ಕಡಿಮೆ ಆಯ್ತಾ? ಸರಿಯಾಗಿ ಕೇಳಿ ಹೇಳು!”

“ಸಾರ್, ಹೋಯ್ತಾ ಕಡಿಮೆ ಆಯ್ತಾ ಅಂತೆ!” ತುಸು ಹೊತ್ತು ಬಿಟ್ಟು, “ಕಡಿಮೆ ಆಯ್ತಂತೆ! ಮುದುಕಿ ಇನ್ನೂ ಕೂತವ್ಳಂತೆ!”

“ಯಾವ ಮುದುಕಿ?”

“ನಂಗೇನ್ ಗೊತ್ತಮ್ಮಾ, ಟೀಚರಮ್ಮ ಅಂದಿದ್ದನ್ನ ಅಂದೆ!”

ಇಪ್ಪತ್ತು. ಹತ್ತು. ಗುಂಡಿ ಸೊನ್ನೆಗೆ ಬಂದು ಟಕ್ ಎಂದು ನಿಂತಿತು.

“ಎದ್ದೋದ್ಳಂತೆ!” ಎಂದು ಮೆಟ್ಟಿಲ ಬಾವಿಯೇ ನಡುಗುವಂತೆ ವಾಚ್‌ಮನ್ ಕೂಗಿದ. ನಾಲ್ಕನೆಯ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು, “ಯಾರು ಹೋದ್ರು? ಏನಾಯ್ತು?” ಎಂದು ಕೇಳಿದರು.

ಸ್ಕೇಲಕ್ಕ ಜೇಬಿನಿಂದ ಪೆನ್ನು ತೆಗೆದು, ಚೀಟಿಯಲ್ಲಿ ಅರವತ್ನಾಲ್ಕನ್ನು ಹೊಡೆದುಹಾಕಿ ಸೊನ್ನೆ ಬರೆದಳು. ‘ಉಗ್ರಾಣ’ ಎಂಬುದನ್ನೂ ಹೊಡೆದುಹಾಕಿದಳು. ಅಕ್ಷರ ಎಂದಿನಂತೆ ದುಂಡಗೆ ಬಂತು.

*

ವಾಪಸು ಹೊರಟಾಗ ಸೂಪರ್‌ವೈಸರ್‌ನ ಖುಷಿಗೆ ಕಡಿವಾಣವೇ ಇರಲಿಲ್ಲ. “ಇಲ್ಲದಿರೋ ಕಟ್ಟಡದ ನೆರಳು! ನಾನು ರಿಟೈರ್ ಆಗೋವರೆಗೂ ಇದನ್ನ ಹೇಳ್ಕೊಂಡು ತಿರುಗ್ತೀನಿ. ಅಕ್ಕಾ, ಒಂದು ವಿಷಯ ಗೊತ್ತಾ, ನದಿ ಆಚೆಯಿಂದ ಬಂದ ದೂರು ಒಂದು ಕಟ್ಟು ಬಿದ್ದಿದೆ. ಎಲ್ಲಾ ನಾಲ್ಕು ತಿಂಗಳದ್ದು. ಎಲ್ರಿಗೂ ಸೆಟ್ಟು ರಿಪೇರಿ ಮಾಡಿಸಿ ಅಂತ ಹೇಳಿ ಕೈ ತೊಳ್ಕೊಂಡಿದೀವಿ.”

“ಆ ಕಡೆ ನಾನು ಇನ್ನೂ ಹದಿನೇಳು ಪೆಟ್ಟಿಗೆ ಕೂರಿಸಿದೀನಿ” ಎಂದಳು. “ಎಲ್ಲದ್ರಲ್ಲೂ ಉಗ್ರಾಣ ಇದೆ.”

ಅವನು ಶಿಳ್ಳೆ ಹಾಕಿದ. ಆಮೇಲೆ ರಟ್ಟು ಎತ್ತಿಕೊಂಡು, ಖಾಲಿ ಉಳಿದಿದ್ದ ಕಾಲಂಗೆ ಪೆನ್ನು ಹಿಡಿದ. “ಗಮನ. ‘ಅತ್ಯುತ್ತಮ’ ಅಂತ ಬರೀತೀನಿ. ನಾನೇ ಪೆದ್ದ, ನಿಮಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ನೀವು ಆಗ್ಲೇ ಎಲ್ಲಾ ಲೆಕ್ಕ ಹಾಕಿಟ್ಕೊಂಡಿದ್ರಿ, ಅಲ್ವಾ?”

ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಹೌದು ಎಂದಿದ್ದರೆ ವ್ಯಾನು ಉಳಿಯುತ್ತಿತ್ತು. ಅದು ಆಕೆಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಮನಸ್ಸಿನಲ್ಲಿ ಅದು ಬೇಕು ಎನಿಸಬೇಕಾಗಿದ್ದ ಜಾಗದಲ್ಲಿ ಹುಡುಕಿದಳು. ಅಲ್ಲಿ ಅಂಥದ್ದೇನೂ ಸಿಗಲಿಲ್ಲ. ಕಂಬ ತಗುಲಿದಾಗ ಬೇಕರಿಯ ಬೋರ್ಡಿನ ಕೆಳಗೆ ಒಬ್ಬಳು ಹೆಂಗಸು ಚೀಲ ಹಿಡಿದು ನಿಂತಿದ್ದದ್ದು ಮಾತ್ರ ನೆನಪಿತ್ತು.

“ಇಲ್ಲ” ಎಂದಳು. “ಬಿದ್ದಿದ್ದು ಮರೆತೇ ಹೋಗಿತ್ತು.”

“ಗೊತ್ತು ಅಂದ್ರಲ್ಲ?”

“ನೀನು ಹೇಳಿದ್ಮೇಲೆ ಗೊತ್ತಾಯ್ತು. ಅದಕ್ಕೆ ಮುಂಚೆ ನಿಂತಿತ್ತು.”

ಅವನು ಪೆನ್ನನ್ನು ಹಾಳೆಯ ಮೇಲೆ ಹಾಗೇ ಹಿಡಿದುಕೊಂಡಿದ್ದ. ಮುಂದಿನ ಗಾಡಿ ಹೊರಟರೂ ಆಕೆ ಹೊರಡಲಿಲ್ಲ. ಹಿಂದಿನವನು ಹಾರ್ನ್ ಒತ್ತಿದ.

“ಇದನ್ನ ನನಗ್ಯಾಕೆ ಹೇಳಿದ್ರಿ ಅಕ್ಕಾ? ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಕೇಳ್ದೆಯಲ್ಲ, ಹೇಳ್ದೆ. ಇದ್ದದ್ದು ಬರ್ಕೋ.”

“ನೀವು ಒಂದು ಸಲ ನನ್ನ ಬೈದ್ಬಿಟ್ರೆ ಬರೆಯೋದು ಸುಲಭ ಆಗತ್ತೆ.”

“ಬೈಯೋಕೆ ಏನೂ ತೋಚ್ತಿಲ್ಲ” ಎಂದಳು ಆಕೆ. ಅದು ನಿಜವಾಗಿತ್ತು.

ಅವನು ಬರೆದ. ಕಚೇರಿ ತಲುಪಿದ ಮೇಲೆ ಆಕೆ ವ್ಯಾನು ನಿಲ್ಲಿಸಿ, ಕೀಲಿ ತೆಗೆದು ಅವನ ರಟ್ಟಿನ ಮೇಲಿಟ್ಟು, ತನ್ನ ಸ್ಕೇಲು ಮತ್ತು ನಕ್ಷೆ ಎತ್ತಿಕೊಂಡು ಇಳಿದಳು. ಮಾರನೆಯ ದಿನ ಮಧ್ಯಾಹ್ನ ಮೇಲಿನವರ ಆದೇಶ ಬಂತು. ಆರು ತಿಂಗಳವರೆಗೆ ಆಕೆ ವ್ಯಾನು ಓಡಿಸುವಂತಿಲ್ಲ. ಸೋಮ, ಬುಧ, ಶುಕ್ರ ಟೆಲಿಫೋನ್ ಮೇಜು. ಮಂಗಳವಾರ ಮತ್ತು ಗುರುವಾರ ನದಿಯಾಚೆಯ ಹದಿನೇಳು ಪೆಟ್ಟಿಗೆಗಳು, ದಿನಕ್ಕೊಂದರಂತೆ. ವ್ಯಾನನ್ನು ಸೂಪರ್‌ವೈಸರ್ ಓಡಿಸತಕ್ಕದ್ದು. ಮುಂದಿನ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಆಕೆ ಪಕ್ಕದ ಸೀಟಿಗೆ ಹತ್ತಿ ಕುಳಿತಳು, ಮೊದಲನೆಯ ಕಟ್ಟಡದ ವಿಳಾಸ ಓದಿ ಹೇಳಿದಳು.